ಜೀವಿಗಳ ಸಾಮಾನ್ಯ ಲಕ್ಷಣಗಳು

ಕಲ್ಲು ನಿರ್ಜೀವ, ಕರು ಸಜೀವ ಎಂದು ಹೇಳಲು ಮಗುವಿಗೂ ಪಾಠ ಬೇಕಾಗಿಲ್ಲ. ಆದರೆ ಚೀಲದಲ್ಲಿರುವ ಜೋಳದ ಕಾಳು ಸಜೀವವೋ ನಿರ್ಜೀವವೋ ಎಂದು ಕೇಳಿದರೆ ತರಗತಿಯಲ್ಲಿ ಎರಡು ಪಕ್ಷಗಳಾಗುತ್ತವೆ. ಅದು ಚಲಿಸದು, ಬೆಳೆಯದು, ಆಹಾರ ಸೇವಿಸದು. ಆದರೂ ಹಸಿ ನೆಲದಲ್ಲಿ ಬಿತ್ತಿದರೆ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಆದುದರಿಂದ ಸಕಲ ಜೀವಿಗಳಿಗೂ ಸಮಾನವಾದ ಲಕ್ಷಣಗಳಾವುವು, ಅವುಗಳನ್ನು ಹೇಗೆ ಗ್ರಹಿಸಬೇಕು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

1. ಜೀವಕೋಶ ರಚನೆ

1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ ಬೆಂಡಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಹುಟ್ಟಿನಂತಹ ಕೋಣೆಗಳನ್ನು ವರ್ಣಿಸಿದನು. ಅವನು ಕಂಡುದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಸಸ್ಯಗಳೆಲ್ಲ ಕೋಶಗಳಿಂದಾಗಿವೆಯೆಂದು 1838ರಲ್ಲಿ ಷ್ಲೈಡೆನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಷ್ವಾನ್ ಪ್ರತಿಪಾದಿಸಿದರು. ಕೋಶವು ಕೋಶದಿಂದಲೇ ಹುಟ್ಟುತ್ತದೆಂಬ ತತ್ತ್ವವನ್ನು 1855ರಲ್ಲಿ ವಿರ್ಕೋ ಸಾರಿದನು. ಒಂದೇ ಕೋಶದ ಅಮೀಬಾ ಆಗಲಿ, ಅಸಂಖ್ಯ ಕೋಶಗಳ ಆನೆಯಾಗಲಿ, ಜೀವದ ಮೂಲ ಘಟಕ ಇದೇ.

2. ಚಯಾಪಚಯ

ಜೀವಿಯು ಹೊರಗಿನಿಂದ ಪದಾರ್ಥವನ್ನೂ ಶಕ್ತಿಯನ್ನೂ ಪಡೆದು, ತನ್ನ ದೇಹವನ್ನು ಕಟ್ಟಿಕೊಂಡು, ತ್ಯಾಜ್ಯವನ್ನು ಹೊರಹಾಕುತ್ತದೆ. ಪೋಷಣೆ, ಉಸಿರಾಟ, ವಿಸರ್ಜನೆಗಳೆಲ್ಲ ಈ ಒಂದೇ ವ್ಯವಹಾರದ ಅಂಗಗಳು. ಹಸಿರು ಸಸ್ಯ ಸೂರ್ಯನ ಬೆಳಕಿನಿಂದ ಶಕ್ತಿ ಪಡೆದರೆ, ಪ್ರಾಣಿ ಅದನ್ನು ಸಸ್ಯದಿಂದಲೋ ಇನ್ನೊಂದು ಪ್ರಾಣಿಯಿಂದಲೋ ಪಡೆಯುತ್ತದೆ.

ನಮ್ಮ ಜೋಳದ ಕಾಳಿಗೆ ಉತ್ತರ ಇಲ್ಲಿಯೇ ಇದೆ. ಒಣಗಿದ ಕಾಳು ಕೂಡ ಅತಿ ಮಂದಗತಿಯಲ್ಲಿ ಉಸಿರಾಡುತ್ತದೆ. ಉತ್ತರ ಕರ್ನಾಟಕದಲ್ಲಿ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಜೋಳ ತುಂಬಿ ಬಾಯಿ ಮುಚ್ಚುವ ಪದ್ಧತಿಯುಂಟು. ಒಳಗಿನ ಕಾಳು, ಹುಳು, ಬೂಷ್ಟುಗಳೆಲ್ಲ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆಮ್ಲಜನಕ ಕ್ಷೀಣಿಸಿದಂತೆ ಹುಳುಗಳು ಸಾಯುತ್ತವೆ, ಕಾಳು ಕೆಡದೆ ಉಳಿಯುತ್ತದೆ. ಆದರೆ ಅದೇ ಕಾರಣದಿಂದ, ಬಾಯಿ ತೆರೆದೊಡನೆ ಒಳಗಿಳಿದವರು ಉಸಿರುಗಟ್ಟಿ ಪ್ರಾಣ ಕಳೆದುಕೊಂಡ ನಿದರ್ಶನಗಳೂ ಉಂಟು. ಹಗೇವನ್ನು ಗಾಳಿಯಾಡಲು ಬಿಟ್ಟ ನಂತರವೇ ಇಳಿಯಬೇಕೆಂಬ ಹಿರಿಯರ ಕಟ್ಟಳೆಯ ಹಿಂದೆ ಈ ಅನುಭವವಿದೆ. ಕಾಳು ಸಜೀವವೆಂಬ ಪಾಠವನ್ನು ಹೀಗೆ ತಿಳಿದ ರೈತನ ಮಗ ಅದನ್ನು ಮರೆಯಲಾರ.

3. ಬೆಳವಣಿಗೆ

ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆಯ ಹರಳೂ ಬೆಳೆಯುತ್ತದೆ. ಆದರೆ ಪಾಕದಲ್ಲಿದ್ದ ಸಕ್ಕರೆಯೇ ಹೊರಗಿನಿಂದ ಅದರ ಮೇಲೆ ಪದರ ಪದರವಾಗಿ ಕೂಡುತ್ತದೆ. ಜೀವಿಯಾದರೋ ಒಳಗಿನಿಂದ ಬೆಳೆಯುತ್ತದೆ. ಕರು ತಿಂದ ಹುಲ್ಲು ಹುಲ್ಲಾಗಿ ಉಳಿಯದೆ ಕರುವಿನ ಮಾಂಸ, ಮೂಳೆಗಳಾಗಿ ಮಾರ್ಪಡುತ್ತದೆ.

4. ಪ್ರತಿಕ್ರಿಯೆ ಮತ್ತು ಸಮಸ್ಥಿತಿ

ಮುಟ್ಟಿದರೆ ಮುನಿ ಗಿಡ ಸ್ಪರ್ಶಮಾತ್ರದಿಂದ ಎಲೆ ಮಡಚುತ್ತದೆ. ಇತರ ಸಸ್ಯಗಳಲ್ಲಿ ಈ ಗುಣ ಕಣ್ಣಿಗೆ ಕಾಣದಷ್ಟು ನಿಧಾನ. ಆಚಾರ್ಯ ಜಗದೀಶಚಂದ್ರ ಬೋಸರು (1858–1937) ಕ್ರೆಸ್ಕೋಗ್ರಾಫ್ ಎಂಬ ಉಪಕರಣದಿಂದ ಸಸ್ಯಗಳ ಸೂಕ್ಷ್ಮ ಚಲನೆಯನ್ನು ಅನೇಕ ಸಾವಿರ ಪಟ್ಟು ಹಿಗ್ಗಿಸಿ ತೋರಿಸಿದರು. ಹೊರಗಿನ ಬದಲಾವಣೆಗೆ ಸ್ಪಂದಿಸುತ್ತಲೇ ಒಳಗಿನ ಸ್ಥಿತಿಯನ್ನು ಕಾಯ್ದುಕೊಳ್ಳುವುದೂ ಜೀವದ ಲಕ್ಷಣ. ಬಳ್ಳಾರಿಯ ಬೇಸಗೆಯಲ್ಲಾಗಲಿ ಮಡಿಕೇರಿಯ ಚಳಿಯಲ್ಲಾಗಲಿ ಆರೋಗ್ಯವಂತನ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುವುದು ಇದಕ್ಕೆ ನಿದರ್ಶನ.

5. ಸಂತಾನೋತ್ಪತ್ತಿ ಮತ್ತು ಆನುವಂಶಿಕತೆ

ಜೀವಿ ತನ್ನಂತಹುದನ್ನೇ ಹುಟ್ಟಿಸುತ್ತದೆ. ಹೇಸರಗತ್ತೆಗೆ ಸಾಮಾನ್ಯವಾಗಿ ಸಂತಾನವಿಲ್ಲ. ಆದರೂ ಅದು ನಿರ್ಜೀವವಲ್ಲ. ಅದರ ದೇಹದ ಕೋಶಗಳು ವಿಭಜನೆ ಹೊಂದುತ್ತಲೇ ಇರುತ್ತವೆ. ಒಂದು ಲಕ್ಷಣವನ್ನು ಮಾತ್ರ ಹಿಡಿದು ತೀರ್ಪು ಕೊಡಲಾಗದೆಂಬುದಕ್ಕೆ ಇದು ಸಾಕ್ಷಿ. ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ಒಯ್ಯುವ ಡಿ.ಎನ್.ಎ. ಅಣುವಿನ ಜೋಡಿ ಸುರುಳಿಯ ರಚನೆ 1953ರಲ್ಲಿ ತಿಳಿದುಬಂದಿತು. ಆಲದ ಮರಕ್ಕೂ ಮನುಷ್ಯನಿಗೂ ಬ್ಯಾಕ್ಟೀರಿಯಕ್ಕೂ ಈ ಬರಹದ ಅಕ್ಷರಗಳು ನಾಲ್ಕೇ. ಈ ಬರಹದಲ್ಲಿ ಆಗಾಗ ಉಂಟಾಗುವ ವ್ಯತ್ಯಾಸಗಳಿಂದಲೇ ಜೀವವಿಕಾಸ ಸಾಧ್ಯವಾಗಿದೆ.

6. ಗಡಿಯಲ್ಲಿರುವವು

ತಂಬಾಕಿನ ಎಲೆಗೆ ರೋಗ ತರುವ ವೈರಸ್ಸನ್ನು 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಉಪ್ಪಿನಂತೆ ಹರಳುಗಟ್ಟಿಸಿದನು. ಆ ಹರಳು ಉಸಿರಾಡದು, ಬೆಳೆಯದು. ಎಲೆಯ ಕೋಶವನ್ನು ಹೊಕ್ಕೊಡನೆ ವೃದ್ಧಿಯಾಗುತ್ತದೆ. 2020ರಲ್ಲಿ ಶಾಲೆಗಳ ಬಾಗಿಲು ಮುಚ್ಚಿಸಿದ ಕೊರೋನಾ ವೈರಸ್ಸೂ ಈ ವರ್ಗದ್ದೇ. ವೈರಸ್ಸು ಜೀವಿಯೇ ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಉಪಸಂಹಾರ

ಬೆಂಕಿಯೂ ಕಟ್ಟಿಗೆಯನ್ನು ತಿನ್ನುತ್ತದೆ, ಹಬ್ಬುತ್ತದೆ, ಕಿಡಿಯಿಂದ ಮತ್ತೊಂದು ಬೆಂಕಿಯನ್ನು ಹುಟ್ಟಿಸುತ್ತದೆ. ಆದರೆ ಅದಕ್ಕೆ ಕೋಶವಿಲ್ಲ. ಅದರ ಗುಣ ಉರುವಲಿನಿಂದ ಬರುತ್ತದೆಯೇ ಹೊರತು ತಾಯಿ ಬೆಂಕಿಯಿಂದಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿ ತಾನೇ ಕಂಡುಕೊಂಡರೆ ಪಾಠ ಸಾರ್ಥಕ. ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಅಂಕಗಳು ದೊರೆತಾವು. ಒಂದು ಹಿಡಿ ಕಾಳನ್ನು ನೆನೆಹಾಕಿಸಿ, ಹರಳು, ಹೇಸರಗತ್ತೆ, ಬೆಂಕಿಗಳನ್ನು ಮುಂದಿಟ್ಟು ಪ್ರಶ್ನಿಸಿದರೆ ವಿಚಾರಶಕ್ತಿ ಬೆಳೆದೀತು. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಕೇಳುವ ಗುರು, ನೋಡುವ ಕಣ್ಣುಳ್ಳ ಶಿಷ್ಯ ಸಾಕು.