ಒಂದೆಡೆ ಬರೆದು ಹಲವೆಡೆ ಬಳಸುವ ಕ್ರಮ

ಹಳೆಯ ವಿದ್ಯಾರ್ಥಿನಿಯರ ವಿಳಾಸಗಳನ್ನು ಗಣಕಯಂತ್ರದಿಂದ ಅಚ್ಚುಮಾಡಿಸಲು ಪೈಥಾನ್ ಭಾಷೆಯಲ್ಲಿ ಮೂರು ಆಜ್ಞಾಕಡತಗಳಿದ್ದವೆಂದು ಭಾವಿಸಿರಿ: ಯಾದಗಿರಿಗೊಂದು, ಶಹಾಪುರಕ್ಕೊಂದು, ಸುರಪುರಕ್ಕೊಂದು. ಮೂರರಲ್ಲಿಯೂ ‘ಗುಲಬರ್ಗಾ ಜಿಲ್ಲೆ’ ಎಂದೇ ಬರೆದಿತ್ತು. 2009ರ ಡಿಸೆಂಬರಿನಲ್ಲಿ ಈ ಮೂರು ತಾಲೂಕುಗಳು ಕೂಡಿ ಯಾದಗಿರಿ ಜಿಲ್ಲೆಯಾಯಿತು. ಎರಡು ಕಡತಗಳನ್ನು ತಿದ್ದಿ ಮೂರನೆಯದನ್ನು ಮರೆತರೆ, ಸುರಪುರದ ಸೋದರಿಯ ಪತ್ರವು ಮಾತ್ರ ಹಳೆಯ ಜಿಲ್ಲೆಯ ಹೆಸರನ್ನೇ ಹೊತ್ತು ಹೊರಡುವದು. ಯಂತ್ರವು ಅದನ್ನು ತಪ್ಪೆಂದು ಅರಿಯದು.

ಆದುದರಿಂದ ಜಿಲ್ಲೆಯ ಹೆಸರನ್ನೂ ವಿಳಾಸ ಜೋಡಿಸುವ ವಿಧಿಯನ್ನೂ ಬೇರೊಂದು ಕಡತದಲ್ಲಿಟ್ಟು, ಉಳಿದ ಮೂರರ ಮೊದಲಲ್ಲಿ ‘ಇಂಪೋರ್ಟ್’ ಎಂಬ ಆಜ್ಞೆಯಿಂದ ಅದನ್ನು ಕರೆಯತಕ್ಕದ್ದು. ಆಗ ತಿದ್ದುಪಡಿಯು ಒಂದೇ ಕಡೆ; ಫಲವು ಮೂರೂರಿಗೂ. ಪಿಎಚ್‌ಪಿಯಲ್ಲಿ ‘ಇನ್‌ಕ್ಲೂಡ್’, ಬ್ಯಾಷಿನಲ್ಲಿ ‘ಸೋರ್ಸ್’ ಇಂಥದೇ ಕೆಲಸವನ್ನು ಮಾಡುವವು. ಭೇದವೊಂದುಂಟು: ಪೈಥಾನ್, ಕಾರ್ಯಕ್ರಮವು ನಡೆಯುತ್ತಿರುವಾಗ ಎಷ್ಟು ಸಲ ಇಂಪೋರ್ಟ್ ಮಾಡಿದರೂ ಆ ಕಡತವನ್ನು ಒಮ್ಮೆ ಮಾತ್ರ ನಡೆಸಿ ನೆನಪಿನಲ್ಲಿಟ್ಟುಕೊಳ್ಳುವದು, ‘ಸೋರ್ಸ್’ ಆದರೋ ಕರೆದಷ್ಟು ಸಲವೂ ನಡೆಸುವದು.

ಹೆಸರಿಡುವಾಗ ಎಚ್ಚರವಿರಲಿ. ನಾನೊಮ್ಮೆ ನನ್ನ ಕಡತಕ್ಕೆ ‘ಕ್ಯಾಲೆಂಡರ್’ ಎಂದು ಹೆಸರಿಟ್ಟು ಅರ್ಧ ದಿನ ಕಳಕೊಂಡೆನು. ಪೈಥಾನಿನ ಭಂಡಾರದಲ್ಲಿ ಅದೇ ಹೆಸರಿನದೊಂದುಂಟು. ಅದನ್ನು ಬಿಟ್ಟು, ಪಕ್ಕದಲ್ಲಿದ್ದ ನನ್ನದನ್ನೇ ಅದು ಎತ್ತಿಕೊಳ್ಳುತ್ತಿತ್ತು.