ಡ್ರೈವರ್ ಯಾಕೆ ಒಂದೊಂದು ಸಲ ಒಂದೊಂದು ಕಡೆ ಹೊಡೆಯುತ್ತೆ?

ಡ್ರೈವರ್ ಅಂದ್ರೆ ಇಲ್ಲಿ ಬಂಗಾರಪೇಟೆ ಬಸ್ಸಿನ ಡ್ರೈವರ್ ಅಲ್ಲ. ಗಾಲ್ಫ್‌ನಲ್ಲಿ ಚೆಂಡನ್ನು ದೂರ ಕಳಿಸೋಕೆ ಮೊದಲ ಹೊಡೆತಕ್ಕೆ ಬಳಸುವ ಉದ್ದದ ಕೋಲು.

ನಾವು ರಾಬರ್ಟ್‌ಸನ್‌ಪೇಟೆಯ ಮೂವರು. ನಮ್ಮೂರಿಗೆ ಗಾಲ್ಫ್ ಬಂದಿದ್ದು ಬ್ರಿಟಿಷರ ಕಾಲದಲ್ಲಿ, ಚಿನ್ನದ ಗಣಿಯ ಜೊತೆಗೆ. ನಮ್ಮಲ್ಲೊಬ್ಬನ ಮಾಮ ಹುಡುಗನಾಗಿದ್ದಾಗ ಗಣಿ ಅಧಿಕಾರಿಗಳ ಗಾಲ್ಫ್ ಬ್ಯಾಗ್ ಹೊರುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಊರು ಬಿಟ್ಟ ಒಬ್ಬರು ತಮ್ಮ ಡ್ರೈವರನ್ನು ಮಾಮನಿಗೆ ಕೊಟ್ಟು ಹೋದರು. ಈ ರಜೆಯಲ್ಲಿ ಅದು ನಮ್ಮ ಕೈಗೆ ಬಂತು.

ಮೊದಲ ವಾರ ಬರೀ ಅವಮಾನ. ಒಂದು ಚೆಂಡು ಬಲಕ್ಕೆ, ಇನ್ನೊಂದು ಎಡಕ್ಕೆ, ಮೂರನೆಯದು ಕಾಲ ಬುಡದಲ್ಲೇ ಉರುಳಿತು. ಪಾಕೆಟ್ ಮನಿಯಲ್ಲಿ ಕೊಂಡ ಚೆಂಡುಗಳು ಪೊದೆ ಸೇರಿದವು. ವಿಡಿಯೋ ನೋಡಿ ಹಿಡಿತ, ಕಾಲು, ಭುಜ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆವು, ಇನ್ನೂ ಕೆಟ್ಟಿತು. "ವಾಪಸ್ ಕೊಟ್ಬಿಡೋಣ, ಇದು ನಮ್ಮಂಥೋರ ಆಟ ಅಲ್ಲ" ಅಂದ ಒಬ್ಬ. ಮಾಮ ಕೇಳಿಸಿಕೊಂಡು ಹೇಳಿದರು: "ಚೆಂಡು ಎಲ್ಲಿಗೆ ಹೋಯ್ತು ಅಂತ ಆಮೇಲೆ ನೋಡ್ರಪ್ಪ. ಕೋಲಿಗೆ ಎಲ್ಲಿ ತಗುಲ್ತು, ಅದನ್ನ ಮೊದಲು ನೋಡಿ."

ಅದೇ ಈ ಪಾಠದ ಸಾರ.

ಮೊದಲು ಲೆಕ್ಕ. ಚೆಂಡು ಮತ್ತು ಕೋಲು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಏನನ್ನೂ ತಿದ್ದೋಕಾಗಲ್ಲ. ತಿದ್ದೋದೆಲ್ಲ ಮೊದಲೇ ಆಗಬೇಕು. ಕೋಲಿನ ಮುಖ ಯಾವ ಕಡೆ ನೋಡುತ್ತಿದೆಯೋ ಹೆಚ್ಚುಕಡಿಮೆ ಆ ಕಡೆಗೇ ಚೆಂಡು ಹೊರಡುತ್ತೆ. ನೇರ ಹಾರಿದರೂ, 1 ಡಿಗ್ರಿ ತಪ್ಪಿದರೆ 200 ಮೀಟರ್ ದೂರದಲ್ಲಿ 3.5 ಮೀಟರ್ ತಪ್ಪು. 5 ಡಿಗ್ರಿಗೆ 17.5 ಮೀಟರ್! ಮುಖದ ದಿಕ್ಕಿಗೂ ಕೋಲು ಬೀಸುವ ದಾರಿಗೂ ವ್ಯತ್ಯಾಸ ಇದ್ದರೆ ಚೆಂಡು ಗಾಳಿಯಲ್ಲಿ ಬಾಗುತ್ತೆ ಕೂಡ.

ಇನ್ನೊಂದು ವಿಷಯ ಮೆಕ್ಯಾನಿಕಲ್‌ನವರಿಗೆ ಇಷ್ಟವಾಗುತ್ತೆ. ಚೆಂಡು ಮುಖದ ನಡುವೆ ತಗುಲದೆ ಹೊರತುದಿಗೆ ತಗುಲಿದರೆ ಕೋಲಿನ ತಲೆ ತಿರುಗುತ್ತೆ, ಚೆಂಡು ಅದರ ವಿರುದ್ಧ ದಿಕ್ಕಿಗೆ ಸುತ್ತುತ್ತೆ, ಎರಡು ಗೇರ್ ಕಚ್ಚಿಕೊಂಡ ಹಾಗೆ. ಬಲಗೈ ಆಟಗಾರನಿಗೆ ಹೊರತುದಿಯ ಹೊಡೆತ ಎಡಕ್ಕೆ ಬಾಗಿಸುತ್ತೆ, ಹಿಡಿಕೆ ಕಡೆಯ ಹೊಡೆತ ಬಲಕ್ಕೆ. ಅಂದ್ರೆ ಬೀಸು ಒಂದೇ ಥರ ಇದ್ದರೂ ತಗುಲಿದ ಜಾಗ ಬೇರೆಯಾದರೆ ಚೆಂಡಿನ ದಾರಿ ಬೇರೆ.

ನಾವು ಮಾಡಿದ್ದು ಇಷ್ಟು:

1. ಚೆಂಡಿಗೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ದಪ್ಪ ಚುಕ್ಕಿ ಇಟ್ಟು, ಅದು ಕೋಲಿನ ಕಡೆ ಇರುವಂತೆ ಕೂರಿಸಿದೆವು. ಹೊಡೆದಾಗ ಗುರುತು ಮುಖದ ಮೇಲೆ ಬೀಳುತ್ತೆ. ಫೋಟೋ ತೆಗೆದು ಒರೆಸಿ, ಮುಂದಿನ ಚೆಂಡು.

2. ಹತ್ತು ಹೊಡೆತಕ್ಕೂ ಬರೆದಿಟ್ಟೆವು: ಎಲ್ಲಿ ತಗುಲಿತು, ಯಾವ ಕಡೆ ಹೊರಟಿತು, ಎತ್ತ ಬಾಗಿತು.

3. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಟೀ, ಅಂದ್ರೆ ಚೆಂಡು ಕೂರಿಸುವ ಪುಟ್ಟ ಗೂಟ. ಚೆಂಡಿನ ಅರ್ಧ ಭಾಗ ಕೋಲಿನ ತಲೆಗಿಂತ ಮೇಲೆ ಕಾಣಬೇಕು. ಗೂಟಕ್ಕೆ ಗೆರೆ ಹಾಕಿ ಪ್ರತಿ ಸಲ ಅಷ್ಟೇ ಆಳಕ್ಕೆ ಚುಚ್ಚಿದೆವು.

4. ಚೆಂಡು ಎಡ ಹಿಮ್ಮಡಿಯ ನೇರಕ್ಕೆ. ಕಾಲಿಗೂ ಚೆಂಡಿಗೂ ಇರುವ ದೂರವನ್ನು ದಾರದಲ್ಲಿ ಅಳೆದೆವು. ನಮ್ಮ ನಿಜವಾದ ಕಾಯಿಲೆ ಇಲ್ಲೇ ಇತ್ತು: ಪ್ರತಿ ಸಲ ಬೇರೆ ಬೇರೆ ದೂರದಲ್ಲಿ ನಿಂತಿದ್ದೆವು!

5. ಕೊನೆಗೆ, ಮುಕ್ಕಾಲು ಶಕ್ತಿಯಲ್ಲಿ ಬೀಸಿ, ಬ್ಯಾಲೆನ್ಸ್ ತಪ್ಪದೆ ನಿಲ್ಲೋದು.

ಮೊದಲ ದಿನ ಹತ್ತರಲ್ಲಿ ಎರಡು ಗುರುತು ನಡುವೆ ಇದ್ದವು. ಮೂರನೇ ವಾರ ಆರು. ಇನ್ನೂ ಬಲಕ್ಕೆ ಬಾಗುತ್ತೆ, ಆದರೆ ಈಗ ಒಂದೇ ಥರ ಬಾಗುತ್ತೆ. ಲ್ಯಾಬಲ್ಲಿ ಕಲಿತಿದ್ದೇ: ಒಂದೇ ಥರದ ತಪ್ಪನ್ನು ತಿದ್ದಬಹುದು, ಚೆಲ್ಲಾಪಿಲ್ಲಿ ತಪ್ಪನ್ನು ತಿದ್ದೋದು ಕಷ್ಟ.

ದೂರ ಕಮ್ಮಿ ಆಯ್ತಲ್ಲ ಅಂತೀರಾ? ನಮ್ಮ ಬೆಂಗಳೂರಿನ ಅದಿತಿ ಅಶೋಕ್ ತುಂಬ ದೂರ ಹೊಡೆಯುವವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು.

ನೀವೂ ಪ್ರಯತ್ನಿಸಿ, ಎದುರಿಗೆ ಯಾರೂ ಇಲ್ಲದ ಬಯಲು ಮಾತ್ರ ಇರಲಿ. ರಜೆ ಮುಗಿದ ದಿನ ಕೋಲನ್ನು ವಾಪಸ್ ಕೊಡೋಕೆ ಹೋದೆವು. ಮಾಮ ಅದರ ಮುಖದ ನಡುವೆ ಉಳಿದಿದ್ದ ಮಾರ್ಕರ್ ಕಲೆ ನೋಡಿ, "ನಿಮ್ಮತ್ರಾನೇ ಇರಲಿ" ಅಂದರು.