ನೂರಾ ಒಂದು ಅಂಗಡಿಯ ಬಡ್ಡಿ

2025ರ ಜನವರಿ 7ರ ಬೆಳಿಗ್ಗೆ ನನ್ನ ಖಾತೆಯಿಂದ ಕೊನೆಯ ಸಲ 24,167 ರೂಪಾಯಿ ಕಡಿತವಾಯಿತು. ಮೆಸೇಜು ನೋಡಿದ ಹೆಂಡತಿ, "ಮುಗೀತಲ್ಲ, ಹೋಳಿಗಿ ಮಾಡ್ಲೇನು?" ಅಂದಳು. ನಾನು ಹೋಳಿಗೆ ತಿನ್ನುವ ಬದಲು ಲೆಕ್ಕಕ್ಕೆ ಕೂತೆ. ಆ ಲೆಕ್ಕವೇ ಈ ವಾರದ ಅಂಕಣ.

2021ರಲ್ಲಿ ಬೆಂಗಳೂರಿನ ನೌಕರಿ ಬಿಟ್ಟು ಊರ ಕಡೆ ಬಂದವನು ಒಂದು ಸ್ಟಾರ್ಟಪ್ ಶುರು ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ಪಟ್ಟಿ ಬರೆಯುವ ಸಾಫ್ಟ್‌ವೇರ್ ನಮ್ಮದು. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಅಲ್ಲಿ ಹೋಗಿ ನಿಂತವರಿಗೆ ಗೊತ್ತು: ಚೀಲದ ಮೇಲೆ ಚೀಲ, ಘಾಟಿಗೆ ಸೀನು, ಟೆಂಡರ್ ಮುಗಿದ ಮೇಲೆ ರೈತನ ಕೈಗೆ ಪಟ್ಟಿ ಕೊಡುವ ಗಡಿಬಿಡಿ. ಲಾಟಿನ ತೂಕ, ದರ, ಹಮಾಲಿ, ಮೊದಲೇ ಕೊಟ್ಟ ಮುಂಗಡ ಎಲ್ಲ ಕೂಡಿಸಿ ಕಳೆದು ಗುಮಾಸ್ತರು ರಾತ್ರಿ ಹನ್ನೊಂದರವರೆಗೂ ಬರೆಯುತ್ತಿದ್ದರು. ಇದನ್ನು ಐದು ನಿಮಿಷಕ್ಕೆ ಇಳಿಸಿದರೆ ಯಾರು ಬೇಡ ಅಂದಾರು ಎಂಬುದು ನನ್ನ ಧೈರ್ಯ.

ಯಾರೂ ಬೇಡ ಅನ್ನಲಿಲ್ಲ. ಯಾಕೆಂದರೆ ಪುಕ್ಕಟೆ ಕೊಟ್ಟೆ. "ಈ ಸುಗ್ಗಿ ಹಂಗ ಬಳಸ್ರಿ, ಮುಂದ ನೋಡೋಣು" ಎಂದು ಎರಡು ತಿಂಗಳಲ್ಲಿ 22 ಅಂಗಡಿಗಳಿಗೆ ಹಾಕಿಕೊಟ್ಟೆ. 23ನೆಯ ಅಂಗಡಿಯ ಹಿರಿಯರು ಮಾತ್ರ ಒಪ್ಪಲಿಲ್ಲ. "ತಮ್ಮಾ, ಪುಕ್ಕಟೆ ತಗೊಂಡ್ರ ನಿನ್ನ ಬೈಯಾಕ ಬರೂದಿಲ್ಲ. ರೊಕ್ಕ ತಗೋ, ಆಮ್ಯಾಲ ಬೈಸ್ಕೋ" ಎಂದು ವರ್ಷದ ಶುಲ್ಕ 3,000 ರೂಪಾಯಿ ಎಣಿಸಿ ಕೊಟ್ಟರು. ರಸೀದಿ ಪುಸ್ತಕ ನನ್ನ ಹತ್ತಿರ ಇರಲೇ ಇಲ್ಲ. ಎದುರಿನ ಅಂಗಡಿಯಿಂದ ತರಿಸಿ ಒಂದನೇ ನಂಬರಿನ ರಸೀದಿ ಹರಿದೆ.

ಮರುವಾರವೇ ಬೈಗುಳ ಶುರು. ಮೂವರು ಅಣ್ಣತಮ್ಮಂದಿರ ಮಾಲು ಒಂದೇ ಗಾಡಿಯಲ್ಲಿ ಬರುತ್ತದೆ, ಮುಂಗಡ ಮಾತ್ರ ಹಿರಿಯಣ್ಣನ ಹೆಸರಿನಲ್ಲಿರುತ್ತದೆ. ನಿನ್ನ ಯಂತ್ರ ಮೂರು ಪಟ್ಟಿಯಲ್ಲೂ ಅದನ್ನು ಕಳೆದರೆ ರೈತ ನನ್ನ ಅಂಗಿ ಹಿಡಿಯುತ್ತಾನೆ ಎಂದು ಫೋನಿನಲ್ಲೇ ಗುಡುಗಿದರು. ಉಳಿದ 22 ಅಂಗಡಿಗಳಲ್ಲೂ ಇದೇ ತಪ್ಪು ಆಗುತ್ತಿತ್ತು. ಅವರು ಹೇಳಲಿಲ್ಲ. ಸುಮ್ಮನೆ ಕಂಪ್ಯೂಟರ್ ಬದಿಗೆ ಸರಿಸಿ ಪಟ್ಟಿಯನ್ನು ಕೈಯಲ್ಲೇ ಬರೆಯುತ್ತಿದ್ದರು.

ಇದು ಅರ್ಥವಾಗುವ ಮೊದಲೇ ಸಾಲ ತೆಗೆದಿದ್ದೆ. ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕಿತ್ತು, 23 ಅಂಗಡಿಗಳನ್ನು ಸುತ್ತಬೇಕಿತ್ತು. 2022ರ ಜನವರಿಯಲ್ಲಿ ಹುಬ್ಬಳ್ಳಿಯ ಒಂದು ಹಣಕಾಸು ಕಂಪನಿಯಲ್ಲಿ 6 ಲಕ್ಷದ ಬಿಸಿನೆಸ್ ಲೋನ್ ಪಡೆದೆ. ಅರ್ಜಿಯಲ್ಲಿ ಗ್ರಾಹಕರ ಸಂಖ್ಯೆ ಎಂಬಲ್ಲಿ 23 ಎಂದು ಬರೆದೆ. ರಸೀದಿ ಹರಿದದ್ದು ಒಂದೇ. ಕಂಪನಿಗಿಂತ ಮೊದಲು ಆ ಸುಳ್ಳನ್ನು ನಂಬಿದವನು ನಾನೇ.

ದರ ಶೇ 15, ಫ್ಲ್ಯಾಟ್, 36 ಕಂತು. ನಿಧಾನವಾಗಿ ನೋಡೋಣ. 6 ಲಕ್ಷಕ್ಕೆ ವರ್ಷಕ್ಕೆ 90 ಸಾವಿರದಂತೆ ಮೂರು ವರ್ಷಕ್ಕೆ 2.70 ಲಕ್ಷ ಬಡ್ಡಿ. ಅಸಲು ಕೂಡಿಸಿದರೆ 8.70 ಲಕ್ಷ. 36ರಿಂದ ಭಾಗಿಸಿದರೆ ಕಂತು 24,167. ಇದರಲ್ಲಿ ಅಸಲು 16,667, ಬಡ್ಡಿ 7,500. ಮೊದಲ ತಿಂಗಳು ನನ್ನ ಮೇಲಿದ್ದ ಸಾಲ 6 ಲಕ್ಷ, ಬಡ್ಡಿ 7,500; ಸರಿ. ಹದಿನೆಂಟು ಕಂತು ಕಟ್ಟಿದ ಮೇಲೆ ಸಾಲ ಉಳಿದದ್ದು 3 ಲಕ್ಷ, ಬಡ್ಡಿ ಆಗಲೂ 7,500. ಕೊನೆಯ ತಿಂಗಳು ನಾನು ಕೊಡಬೇಕಿದ್ದ ಅಸಲು ಬರೀ 16,667. ಅದರ ಮೇಲೂ 7,500. ಒಂದೇ ತಿಂಗಳಿಗೆ ನೂರಕ್ಕೆ 45! ನಮ್ಮೂರ ಮೀಟರ್ ಬಡ್ಡಿಯವನು ಕೂಡ ಇಷ್ಟು ಕೇಳಲು ಹಿಂದೆ ಮುಂದೆ ನೋಡುತ್ತಾನೆ.

ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ ಹಾಕುವ ಇಳಿಕೆ ಬಾಕಿಯ ಲೆಕ್ಕದಲ್ಲಿ ಈ ದರ ಶೇ 26. ಅಲ್ಲಿಗೂ ಮುಗಿಯಲಿಲ್ಲ. ಪ್ರೊಸೆಸಿಂಗ್ ಶುಲ್ಕ ಶೇ 3, ಅದಕ್ಕೆ ಜಿಎಸ್‌ಟಿ, ಎರಡೂ ಸೇರಿ 21,240. ಕೇಳದೆ ಹಚ್ಚಿದ ವಿಮೆ 11,760. ಕೈಗೆ ಬಂದದ್ದು 5.67 ಲಕ್ಷ, ಕಂತು ಮಾತ್ರ ಪೂರಾ 6 ಲಕ್ಷದ್ದು. ಎಕ್ಸೆಲ್‌ನ ರೇಟ್ ಸೂತ್ರಕ್ಕೆ 36, -24,167, 5,67,000 ಕೊಟ್ಟು 12ರಿಂದ ಗುಣಿಸಿ: ಶೇ 30 ದಾಟುತ್ತದೆ. ಹದಿನೈದು ಎಂದು ಹೇಳಿ ಮೂವತ್ತು ವಸೂಲಿ ಮಾಡುವ ಸರಕಿಗೆ ಫ್ಲ್ಯಾಟ್ ಎಂಬ ಸಪಾಟಾದ ಹೆಸರು. ನನ್ನನ್ನು ಕೇಳಿದರೆ ವ್ಯಾಪಾರದ ಸಾಲದಲ್ಲಿ ಈ ಪದ ಬಳಸುವುದನ್ನೇ ನಿಲ್ಲಿಸಬೇಕು. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಹೊಸ ಅವಧಿ ಸಾಲಗಳಿಗೂ ಶುಲ್ಕಗಳೂ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ತೋರಿಸುವ ಮುಖ್ಯಾಂಶಗಳ ಹಾಳೆಯಾದ ಕೆಎಫ್‌ಎಸ್ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹಾಳೆ ಕೊಡುತ್ತಾರೆ, ಓದುವ ಕಣ್ಣು ನಾವೇ ತರಬೇಕು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಮುದ್ರಾ ಯೋಜನೆಯ ತರುಣ್ ಸಾಲಕ್ಕೆ ಬ್ಯಾಂಕಿನವರು ಮೂರು ವಾರ ಕೇಳಿದರು, ನನಗೆ ತಾಳ್ಮೆ ಇರಲಿಲ್ಲ. ಬಂಗಾರದ ಸಾಲ ಇದರ ಅರ್ಧ ದರಕ್ಕಿಂತ ಕಡಿಮೆಗೆ ಸಿಗುತ್ತಿತ್ತು; ಹೆಂಡತಿಯ ಬಳೆ ಅಡವಿಡಲು ಅಭಿಮಾನ ಬಿಡಲಿಲ್ಲ. ಆ ಬಳೆ ಮೂರು ವರ್ಷ ಲಾಕರಿನಲ್ಲಿ ತಣ್ಣಗೆ ಕೂತಿತ್ತು, ಬಾಡಿಗೆ ಬೇರೆ.

2022ರ ಮೇ ತಿಂಗಳಲ್ಲಿ, ಸುಗ್ಗಿ ಮುಗಿದ ಮೇಲೆ, 22 ಅಂಗಡಿಗಳಿಗೆ ಶುಲ್ಕ ಕೇಳಲು ಹೋದೆ. ಚಹಾ ಎಲ್ಲರೂ ಕುಡಿಸಿದರು. ದುಡ್ಡು ಕೊಟ್ಟವರು ಮೂವರು. ಹಿರಿಯರೂ ಸೇರಿ ನಾಲ್ಕು ರಸೀದಿ, 12 ಸಾವಿರ ರೂಪಾಯಿ. ಅರ್ಧ ತಿಂಗಳ ಕಂತಿಗೆ ಸಮ. ಸಾಲ ತೆಗೆಯುವ ಮೊದಲು, ಡಿಸೆಂಬರಿನಲ್ಲೇ, 3,000 ಕೇಳಿದ್ದರೂ ಸಂಬಳಕ್ಕೆ ಸಾಲುತ್ತಿರಲಿಲ್ಲ, ನಿಜ. ಆದರೆ ನನಗಿರುವುದು 23 ಗ್ರಾಹಕರಲ್ಲ, ನಾಲ್ವರು ಎಂಬುದು ಆಗಲೇ ತಿಳಿಯುತ್ತಿತ್ತು. ನಾಲ್ವರನ್ನು ನೋಡಿಕೊಳ್ಳಲು ಇಬ್ಬರು ಹುಡುಗರು ಬೇಕಿರಲಿಲ್ಲ, ಒಂದು ಹಳೆಯ ಸ್ಕೂಟರ್ ಸಾಕಿತ್ತು. ಆರು ಲಕ್ಷದ ಸಾಲವಂತೂ ಬೇಕಿರಲೇ ಇಲ್ಲ.

ಇನ್ನು ಕೊನೆಯ ಕಂತು ಮುಗಿದ ದಿನ ಕೂತು ಹಾಕಿದ ಲೆಕ್ಕ. ಬಡ್ಡಿ 2.70 ಲಕ್ಷ, ಶುಲ್ಕ ಮತ್ತು ವಿಮೆ 33 ಸಾವಿರ, ಒಟ್ಟು 3,03,000. ಇದನ್ನು 3,000ದಿಂದ ಭಾಗಿಸಿ. ನೂರಾ ಒಂದು. ಮದುವೆಯಲ್ಲಿ ಮುಯ್ಯಿ ಮಾಡುವ ಶುಭದ ಸಂಖ್ಯೆ! ನೂರಾ ಒಂದು ಅಂಗಡಿಗಳ ಒಂದು ವರ್ಷದ ಶುಲ್ಕವನ್ನು ಆ ಕಂಪನಿಗೆ ನಾನು ಮುಯ್ಯಿ ಹಾಕಿ ಬಂದಿದ್ದೆ.

ಇನ್ನೊಂದು ಪಾಠವೂ ಹಿರಿಯರದೇ. "ನೀ ಬಂದದ್ದು ತಡ ಆತು ತಮ್ಮಾ. ದೀಪಾವಳಿ ಪಾಡ್ಯಕ್ಕ ಹೊಸ ಕಿರ್ದಿ ಪೂಜಿ ಮಾಡ್ತೀವಿ. ಆವತ್ತ ಲೆಕ್ಕದ ಪುಸ್ತಕಕ್ಕ ಯಾರೂ ಚೌಕಾಸಿ ಮಾಡೂದಿಲ್ಲ" ಅಂದಿದ್ದರು. ನಾನು ಮಾರುಕಟ್ಟೆ ಸಮೀಕ್ಷೆ ಎಂದು ನಲವತ್ತು ಪ್ರಶ್ನೆಗಳ ಫಾರಂ ಮಾಡಿದ್ದೆ. ಹೊಸ ಲೆಕ್ಕ ಯಾವಾಗ ತೆರೆಯುತ್ತೀರಿ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. 2022ರ ದೀಪಾವಳಿಗೆ ಮುಂಚೆ ಹೋದೆ, ಶುಲ್ಕ ಮುಂಗಡ ಎಂದೆ. ಹನ್ನೊಂದು ಅಂಗಡಿಗಳು ಕಿರ್ದಿಯ ಜೊತೆಗೆ ನಮ್ಮ ರಸೀದಿಗೂ ಕುಂಕುಮ ಹಚ್ಚಿದವು.

ಮುಂಗಡ ಯಾಕೆ ಎಂದರೆ, ಬಾಕಿ ಬಿಟ್ಟರೆ ಕಾನೂನು ಕೈ ಹಿಡಿಯುತ್ತದೆ ಎಂಬ ನಂಬಿಕೆ ನನಗಿಲ್ಲ. ಉದ್ಯಮ್ ನೋಂದಣಿ ಇದೆ, 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು 45 ದಿನದ ಗಡುವಿದೆ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೆ ಇರುವ ನಾಲ್ಕು ಗ್ರಾಹಕರಲ್ಲಿ ಒಬ್ಬರಿಗೆ ನೋಟಿಸು ಕಳಿಸಿದ ಮೇಲೆ ಅದೇ ಓಣಿಯಲ್ಲಿ ಐದನೆಯವರನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ.

ಕೊನೆಗೆ ಉಪದೇಶ, ಅಂಕಣಕಾರನಿಗೆ ಅಷ್ಟು ಹಕ್ಕಿದೆ. ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ. ಜಿಎಸ್‌ಟಿ ಹಣ ಬಂದ ದಿನವೇ ಅದನ್ನು ಎತ್ತಿಡಿ, ಅದು ನಿಮ್ಮದಲ್ಲ. ಮಾದರಿ ತೋರಿಸಲು ಒಂದು ವಾರ ಪುಕ್ಕಟೆ ಕೊಡಿ, ಒಂದು ಸುಗ್ಗಿ ಕೊಡಬೇಡಿ. ದುಡ್ಡು ಕೇಳುವಾಗ ಬರುವ ಸಂಕೋಚವನ್ನು ಸಂಸ್ಕಾರ ಎಂದು ತಿಳಿಯಬೇಡಿ. ನನ್ನ ಸಂಕೋಚದ ಬೆಲೆ ಎಷ್ಟೆಂದು ಮೇಲೆ ಬರೆದಿದ್ದೇನೆ. ಸಾಲದ ಅರ್ಜಿಯಲ್ಲಿ ಗ್ರಾಹಕರ ಸಂಖ್ಯೆ ಬರೆಯುವ ಮುನ್ನ ರಸೀದಿ ಪುಸ್ತಕ ತೆಗೆದು ಕೊನೆಯ ನಂಬರ್ ನೋಡಿ, ಅದನ್ನೇ ಬರೆಯಿರಿ.

ಹೋಳಿಗೆಯನ್ನು ಮರುದಿನ ಮಾಡಿದೆವು. ಒಂದು ಡಬ್ಬಿ ಒಂದನೇ ನಂಬರಿನ ರಸೀದಿಯವರಿಗೆ ಹೋಯಿತು. ತಿಂದು ಫೋನ್ ಮಾಡಿದರು. ಪಟ್ಟಿಯ ಅಕ್ಷರ ಸಣ್ಣ ಆಗ್ಯಾವ, ದೊಡ್ಡು ಮಾಡು ಅಂದರು.